ಲೆಕ್ಕಪುಸ್ತಕದಾಚೆಯ ಲೆಕ್ಕಪರಿಶೋಧನೆ
ಗುಣಮಟ್ಟ, ಆರೋಗ್ಯ, ಸುರಕ್ಷತೆ ಮತ್ತು ಪರಿಸರ: ಸಣ್ಣ ಘಟಕವೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಬಗೆ

ಸಂಡೂರಿನ ಗುಡ್ಡಸಾಲುಗಳ ನಡುವಿನ ಕಣಿವೆಯ ನೀರನ್ನು ಹೊತ್ತು ಹರಿಯುವ ನಾರಿಹಳ್ಳವು ಕೊನೆಗೆ ಸೇರುವುದು ದರೋಜಿಯ ಕೆರೆಯನ್ನು. ಮಳೆಗಾಲದಲ್ಲಿ ಗುಡ್ಡದ ಮೇಲೆ ಏನು ನಡೆದಿದೆ ಎಂಬುದನ್ನು ತಿಳಿಯಲು ಗುಡ್ಡವನ್ನು ಹತ್ತಬೇಕಾಗಿಲ್ಲ. ಹಳ್ಳದ ನೀರಿನ ಬಣ್ಣವನ್ನು ನೋಡಿದರೆ ಸಾಕು. ಗಣಿ ತ್ಯಾಜ್ಯದ ರಾಶಿಗೆ ತಡೆಗೋಡೆ ಕಟ್ಟಲಾಗಿದೆಯೇ, ಹೂಳನ್ನು ತಡೆಯಲು ನಿರ್ಮಿಸಿದ ಚೆಕ್‌ಡ್ಯಾಂಗಳು ಕೆಲಸ ಮಾಡುತ್ತಿವೆಯೇ ಎಂಬ ಪ್ರಶ್ನೆಗಳಿಗೆ ಕಡತವು ಹೇಳುವ ಉತ್ತರ ಒಂದಾದರೆ, ನೀರು ಹೇಳುವ ಉತ್ತರ ಇನ್ನೊಂದಾಗಿರಬಹುದು. ಕಡತವನ್ನೂ ನೀರನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸಕ್ಕೇ ತಪಾಸಣೆ ಎಂದು ಹೆಸರು.

ತಪಾಸಣೆ ಎಂದೊಡನೆ ನಮ್ಮ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ನೆನಪಾಗುವುದು ಲೆಕ್ಕಪತ್ರ, ತೆರಿಗೆ ಮತ್ತು ಬ್ಯಾಂಕಿನ ದಾಸ್ತಾನು ಪಟ್ಟಿ. ಗುಣಮಟ್ಟ, ಆರೋಗ್ಯ, ಸುರಕ್ಷತೆ ಮತ್ತು ಪರಿಸರ ಎಂಬ ನಾಲ್ಕು ವಿಷಯಗಳ ತಪಾಸಣೆಯು ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಗೆ ಸಂಬಂಧಿಸಿದ್ದು, ಹದಿನೈದು ಆಳುಗಳಿರುವ ನಮ್ಮ ಶೆಡ್ಡಿಗೆ ಅದರ ಗೊಡವೆ ಏಕೆ ಎಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆ ಎಷ್ಟು ದುಬಾರಿಯಾದುದು ಎಂಬುದನ್ನು ವಿವರಿಸಿ, ಒಂದು ಸಣ್ಣ ಘಟಕವು ಒಂದೇ ದಿನದಲ್ಲಿ, ಹೆಚ್ಚಿನ ಖರ್ಚಿಲ್ಲದೆ ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶ.

2011ರ ಪಾಠ

ನಮ್ಮ ಭಾಗದ ಉದ್ಯಮ ಕಂಡ ಅತಿ ದೊಡ್ಡ ತಪಾಸಣೆಯು ಯಾವ ಉದ್ಯಮಿಯೂ ತಾನಾಗಿ ಮಾಡಿಸಿಕೊಂಡದ್ದಲ್ಲ. ಸಮಾಜ ಪರಿವರ್ತನ ಸಮುದಾಯವು ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದೇ ವರ್ಷದ ಆಗಸ್ಟ್ 26ರಂದು ಆ ಆದೇಶವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಬಳಿಕ ನಡೆದುದೇನು? ಜಂಟಿ ಸಮೀಕ್ಷಾ ತಂಡವು ಪ್ರತಿಯೊಂದು ಗುತ್ತಿಗೆಯ ನಕ್ಷೆಯನ್ನು ಹಿಡಿದು, ನೆಲದ ಮೇಲಿನ ಗುಂಡಿ, ತ್ಯಾಜ್ಯದ ರಾಶಿ ಮತ್ತು ರಸ್ತೆಗಳೊಡನೆ ತಾಳೆ ನೋಡಿತು. ಒಟ್ಟು 166 ಗುತ್ತಿಗೆಗಳನ್ನು ಎ, ಬಿ ಮತ್ತು ಸಿ ಎಂಬ ಮೂರು ವರ್ಗಗಳಾಗಿ ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಗಡಿ ಮೀರಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂ., ಗಡಿ ಮೀರಿ ಸುರಿದ ತ್ಯಾಜ್ಯದ ರಾಶಿಗೆ ಹೆಕ್ಟೇರಿಗೆ 1 ಕೋಟಿ ರೂ. ಪ್ರಕಾರ ಪರಿಹಾರ ತೆರಬೇಕಾಯಿತು. ಇದಲ್ಲದೆ ಪ್ರತಿ ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಸಿದ್ಧವಾಗಿ ಜಾರಿಗೆ ಬಂದ ಮೇಲೆಯೇ ಕೆಲಸ ಪುನಃ ಆರಂಭಿಸುವ ಅವಕಾಶ ದೊರೆಯಿತು.

ತಪ್ಪು ಮಾಡಿದವರು ದಂಡ ತೆತ್ತದ್ದು ಸರಿಯೇ. ಆದರೆ ಆ ಅವಧಿಯಲ್ಲಿ ಹೊಸಪೇಟೆ ಮತ್ತು ಸಂಡೂರಿನ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಲಾರಿಗಳು ಗಣಿ ಮಾಲೀಕರವಲ್ಲ. ಸಾಲ ಮಾಡಿ ಒಂದೆರಡು ಲಾರಿ ಕೊಂಡಿದ್ದ ಸಾಮಾನ್ಯರವು. ಟೈರಿನ ಅಂಗಡಿ, ಗ್ಯಾರೇಜು, ವೇಬ್ರಿಡ್ಜು, ಊಟದ ಹೋಟೆಲು ಇವುಗಳ ಕದಗಳೂ ಒಂದೊಂದಾಗಿ ಮುಚ್ಚಿದವು. ಯಾರದೋ ನಕ್ಷೆಗೂ ನೆಲಕ್ಕೂ ತಾಳೆಯಾಗದಿದ್ದುದರ ಬೆಲೆಯನ್ನು ನಕ್ಷೆಯನ್ನೇ ಕಾಣದವರು ತೆತ್ತರು. ತಾವೇ ಮಾಡಿಕೊಳ್ಳದ ತಪಾಸಣೆಯನ್ನು ಒಂದಲ್ಲ ಒಂದು ದಿನ ಹೊರಗಿನವರು ಮಾಡುತ್ತಾರೆ. ಆಗ ಅದರ ದಿನಾಂಕವನ್ನೂ ಶುಲ್ಕವನ್ನೂ ಗೊತ್ತುಮಾಡುವವರು ನಾವಾಗಿರುವುದಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ ಎಂಬ ಗಾದೆಯನ್ನು ಹಂಪಿಯ ನೆರೆಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ತಪಾಸಣೆ ಎಂದರೇನು?

ಅಧಿಕಾರಿಯೊಬ್ಬರು ಕಾಯಿದೆಯ ಬಲದಿಂದ ಬಂದು ನೋಡುವುದು ಪರಿವೀಕ್ಷಣೆ. ಘಟಕವು ತಾನೇ ಒಪ್ಪಿಕೊಂಡ ಒಂದು ಅಳತೆಗೋಲಿನಿಂದ, ಪುರಾವೆಯ ಆಧಾರದ ಮೇಲೆ, ಆ ಕೆಲಸಕ್ಕೆ ಸಂಬಂಧಿಸದ ವ್ಯಕ್ತಿಯ ಮೂಲಕ ತನ್ನನ್ನು ಅಳೆಸಿಕೊಳ್ಳುವುದು ತಪಾಸಣೆ. ಈ ವ್ಯಾಖ್ಯೆಯಲ್ಲಿ ಅಳತೆಗೋಲು, ಪುರಾವೆ, ಸ್ವತಂತ್ರ ದೃಷ್ಟಿ ಎಂಬ ಮೂರು ಅಂಗಗಳಿವೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿಯುವುದು ಅಭಿಪ್ರಾಯವೇ ಹೊರತು ತಪಾಸಣೆಯಲ್ಲ.

ಅಳತೆಗೋಲುಗಳಿಗೆ ಕೊರತೆಯಿಲ್ಲ. ಗುಣಮಟ್ಟಕ್ಕೆ 1987ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 9001, ಪರಿಸರಕ್ಕೆ 1996ರಲ್ಲಿ ಬಂದ ಐಎಸ್‌ಒ 14001, ಆರೋಗ್ಯ ಮತ್ತು ಸುರಕ್ಷತೆಗೆ 2018ರ ಮಾರ್ಚ್‌ನಲ್ಲಿ ಬಂದ ಐಎಸ್‌ಒ 45001 ಇವೆ. ನಮ್ಮಲ್ಲಿ ಕೆಲವು ಕಚೇರಿಗಳ ಗೋಡೆಯ ಮೇಲೆ ಇಂದಿಗೂ ತೂಗುತ್ತಿರುವ ಒಎಚ್‌ಎಸ್‌ಎಎಸ್ 18001 ಪ್ರಮಾಣಪತ್ರಗಳ ಸ್ಥಾನವನ್ನು ಐಎಸ್‌ಒ 45001 ತುಂಬಿರುವುದರಿಂದ ಆ ಹಳೆಯ ಪತ್ರಗಳಿಗೆ ಈಗ ಮಾನ್ಯತೆಯಿಲ್ಲ ಎಂಬುದನ್ನು ಗಮನಿಸಬೇಕು. ತಪಾಸಣೆ ನಡೆಸುವ ಕ್ರಮವನ್ನು ಐಎಸ್‌ಒ 19011 ವಿವರಿಸುತ್ತದೆ. ಕೆಲಸದ ಸ್ಥಳದ ಸುರಕ್ಷತಾ ತಪಾಸಣೆಗೆಂದೇ ಭಾರತೀಯ ಮಾನಕ ಸಂಸ್ಥೆಯು 1998ರಲ್ಲಿ ಐಎಸ್ 14489 ಎಂಬ ಮಾನಕವನ್ನು ಹೊರತಂದಿತು. ಪ್ರಮಾಣಪತ್ರ ಪಡೆಯುವ ಉದ್ದೇಶವಿಲ್ಲದ ಘಟಕವೂ ಇವುಗಳಲ್ಲಿನ ಪ್ರಶ್ನಾವಳಿಯನ್ನು ತನ್ನ ಅಳತೆಗೆ ಕತ್ತರಿಸಿಕೊಂಡು ಬಳಸಬಹುದು.

ಕೇಂದ್ರ ಸರ್ಕಾರವು 2022ರ ಏಪ್ರಿಲ್‌ನಲ್ಲಿ ಸಣ್ಣ ಉದ್ಯಮಗಳಿಗಾಗಿ ಆರಂಭಿಸಿದ 'ಜೆಡ್' ಪ್ರಮಾಣೀಕರಣ ಯೋಜನೆಯು, ಅಂದರೆ ಉತ್ಪನ್ನದಲ್ಲಿ ದೋಷ ಶೂನ್ಯ, ಪರಿಸರದ ಮೇಲೆ ದುಷ್ಪರಿಣಾಮ ಶೂನ್ಯ ಎಂಬ ಯೋಜನೆಯು, ಈ ದಾರಿಯ ಮೊದಲ ಮೆಟ್ಟಿಲಾಗಬಲ್ಲದು. ಅದರಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿದ್ದು, ಪ್ರಮಾಣೀಕರಣ ಶುಲ್ಕದಲ್ಲಿ ಅತಿ ಸಣ್ಣ ಘಟಕಗಳಿಗೆ ಶೇ. 80, ಸಣ್ಣ ಘಟಕಗಳಿಗೆ ಶೇ. 60, ಮಧ್ಯಮ ಘಟಕಗಳಿಗೆ ಶೇ. 50ರ ಸಹಾಯಧನವನ್ನು ಪ್ರಕಟಿಸಲಾಗಿತ್ತು.

ದಾಸ್ತಾನು ಪಟ್ಟಿಯಲ್ಲಿದ್ದ ಜಾಳಿಗೆ

ಲೆಕ್ಕಪರಿಶೋಧಕನಿಗೆ ಯಂತ್ರ ಮತ್ತು ಹೊಗೆಯ ವಿಚಾರ ಏಕೆ ಎಂದು ಓದುಗರು ಕೇಳಬಹುದು. ಬಹಳ ವರ್ಷ ನಾನೂ ಹಾಗೆಯೇ ಭಾವಿಸಿದ್ದೆ. ಒಂದು ಮಾರ್ಚ್ 31ರಂದು ಈ ಭಾಗದ ಕಕ್ಷಿದಾರರೊಬ್ಬರ ಘಟಕಕ್ಕೆ ದಾಸ್ತಾನಿನ ಭೌತಿಕ ಪರಿಶೀಲನೆಗೆಂದು ಹೋಗಿದ್ದೆ. ಕಚ್ಚಾ ಮಾಲು, ಸಿದ್ಧ ಮಾಲು, ಬಿಡಿಭಾಗ ಎಲ್ಲವೂ ಪುಸ್ತಕಕ್ಕೆ ಸರಿಯಾಗಿ ತಾಳೆಯಾದವು. ಗೋಡೆಗೆ ಒರಗಿಸಿದ್ದ ಒಂದು ಕಬ್ಬಿಣದ ಜಾಳಿಗೆ ಮಾತ್ರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ ಮಾಲೀಕರು, "ಅದು ಬೆಲ್ಟಿನ ಗಾರ್ಡು ಸಾರ್, ಸ್ವಚ್ಛ ಮಾಡಾಕ ತೆಗೆದಿದ್ವಿ, ಹಾಕ್ತೀವಿ" ಎಂದರು. ನಾನು ನನ್ನ ಹಾಳೆಯಲ್ಲಿ "ಕಬ್ಬಿಣದ ಜಾಳಿಗೆ - 1" ಎಂದು ಬರೆದುಕೊಂಡು ಮುಂದೆ ನಡೆದೆ. ಪಕ್ಕದಲ್ಲಿಯೇ ಆ ಬೆಲ್ಟು ಗಾರ್ಡಿಲ್ಲದೆ ತಿರುಗುತ್ತಿತ್ತು.

ನಾಲ್ಕು ತಿಂಗಳ ಬಳಿಕ ಅದೇ ಬೆಲ್ಟಿಗೆ ಸಿಲುಕಿ ಯುವ ಕಾರ್ಮಿಕರೊಬ್ಬರು ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡರು. ಆ ವರ್ಷದ ನನ್ನ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ. ಜಾಳಿಗೆಯ ಲೆಕ್ಕವೂ ಸರಿಯಾಗಿಯೇ ಇತ್ತು. ಅವರು ಈಗ ಅದೇ ಘಟಕದ ಗೇಟಿನಲ್ಲಿ ಕಾವಲಿಗಿದ್ದಾರೆ. ನಾನು ಹೋದಾಗಲೆಲ್ಲ ನನ್ನ ಹೆಸರನ್ನು ರಿಜಿಸ್ಟರಿನಲ್ಲಿ ಎಡಗೈಯಿಂದ ಬರೆದುಕೊಳ್ಳುತ್ತಾರೆ. ಕಣ್ಣಿಗೆ ಬಿದ್ದ ವಸ್ತುವನ್ನು ಎಣಿಸುವುದು ಬೇರೆ, ಅದು ಇರಬೇಕಾದ ಸ್ಥಳದಲ್ಲಿದೆಯೇ ಎಂದು ಕೇಳುವುದು ಬೇರೆ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ. ಆ ದಿನದಿಂದ ನನ್ನ ಹಾಳೆಯಲ್ಲಿ, ನನ್ನ ಶುಲ್ಕಕ್ಕೆ ಸಂಬಂಧಿಸದ ಒಂದು ಅಂಕಣವನ್ನು ಹೆಚ್ಚಿಗೆ ಹಾಕಿಕೊಂಡಿದ್ದೇನೆ.

ಎರಡು ದಿಕ್ಕಿನ ತಾಳೆ

ಲೆಕ್ಕಪರಿಶೋಧನೆಯಲ್ಲಿ ದಾಸ್ತಾನನ್ನು ಎರಡು ದಿಕ್ಕಿನಿಂದ ನೋಡುವ ಪದ್ಧತಿಯಿದೆ. ಪುಸ್ತಕದಲ್ಲಿರುವುದು ಗೋದಾಮಿನಲ್ಲಿದೆಯೇ ಎಂದು ನೋಡುವುದು ಒಂದು; ಗೋದಾಮಿನಲ್ಲಿರುವುದು ಪುಸ್ತಕದಲ್ಲಿದೆಯೇ ಎಂದು ನೋಡುವುದು ಇನ್ನೊಂದು. ಮೊದಲನೆಯದು ಇಲ್ಲದ್ದನ್ನು ಇದೆ ಎಂದು ಬರೆದಿರುವುದನ್ನು ಹಿಡಿಯುತ್ತದೆ. ಎರಡನೆಯದು ಇರುವುದನ್ನು ಬರೆಯದೆ ಬಿಟ್ಟಿರುವುದನ್ನು ಹಿಡಿಯುತ್ತದೆ. ಸುರಕ್ಷತೆ ಮತ್ತು ಪರಿಸರಕ್ಕೂ ಇದೇ ಸೂತ್ರ ಅನ್ವಯಿಸುತ್ತದೆ.

ಅಗ್ನಿಶಾಮಕ ಸಿಲಿಂಡರಿನ ರಿಜಿಸ್ಟರಿನಲ್ಲಿ ಪ್ರತಿ ತಿಂಗಳು ಸಹಿ ಇದ್ದರೆ, ಸಹಿಯನ್ನು ನೋಡಿ ಬಿಡಬಾರದು. ಸಿಲಿಂಡರಿನ ಬಳಿ ಹೋಗಿ ಒತ್ತಡದ ಮುಳ್ಳನ್ನು ನೋಡಬೇಕು, ಅದರ ಮುಂದೆ ಚೀಲಗಳನ್ನು ಒಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅದನ್ನು ಬಳಸಲು ಬರುವುದೇ ಎಂದು ರಾತ್ರಿ ಪಾಳಿಯವರನ್ನೇ ಕೇಳಬೇಕು. ಹಾಗೆಯೇ ಅಂಗಳದಲ್ಲಿ ಕಂಡ ಒಂದು ಹಳೆಯ ಎಣ್ಣೆಯ ಡ್ರಮ್ಮಿನಿಂದ ಆರಂಭಿಸಿ, ಅದು ಎಲ್ಲಿಂದ ಬಂತು, ಯಾರಿಗೆ ಹೋಗುತ್ತದೆ, ಆ ವ್ಯಕ್ತಿಗೆ ಅದನ್ನು ಕೊಳ್ಳುವ ಅನುಮತಿ ಇದೆಯೇ ಎಂದು ಪುಸ್ತಕದ ಕಡೆಗೆ ನಡೆಯಬೇಕು.

ನಾಲ್ಕು ಕಂಬಗಳು

ಗುಣಮಟ್ಟ: ಗುಣಮಟ್ಟದ ದೋಷಗಳನ್ನು ಮೊದಲು ಹುಡುಕಬೇಕಾದುದು ಪ್ರಯೋಗಾಲಯದಲ್ಲಲ್ಲ, ಲೆಡ್ಜರಿನಲ್ಲಿ. ಖರೀದಿದಾರರು ಕಳುಹಿಸಿದ ಡೆಬಿಟ್ ನೋಟುಗಳು, ದರ ವ್ಯತ್ಯಾಸ, ತೇವಾಂಶದ ಕಡಿತ, ವಾಪಸು ಬಂದ ಮಾಲಿನ ಸಾಗಣೆ ವೆಚ್ಚ ಇವುಗಳನ್ನು ಒಂದೆಡೆ ಕೂಡಿಸಿದರೆ ಕಳಪೆ ಗುಣಮಟ್ಟಕ್ಕೆ ತೆರುತ್ತಿರುವ ವಾರ್ಷಿಕ ಬೆಲೆ ತಿಳಿಯುತ್ತದೆ. ಬಹುಪಾಲು ಮಾಲೀಕರು ಈ ಮೊತ್ತವನ್ನು ಒಟ್ಟಾಗಿ ನೋಡಿಯೇ ಇರುವುದಿಲ್ಲ. ಬಳಿಕ ತೂಕದ ಯಂತ್ರದ ಮುದ್ರೆಯ ಅವಧಿ, ತೇವಾಂಶ ಮಾಪಕದ ಸರಿತೂಕ, ಮಾದರಿ ತೆಗೆಯುವ ಕ್ರಮ ಇವುಗಳನ್ನು ನೋಡಬೇಕು.

ಆರೋಗ್ಯ: ಅಪಘಾತವು ಒಂದು ಕ್ಷಣದಲ್ಲಿ ಕಾಣಿಸುತ್ತದೆ, ಕಾಯಿಲೆಯು ವರ್ಷಗಳ ಬಳಿಕ ಕಾಣಿಸುತ್ತದೆ. ಕಲ್ಲು ಮತ್ತು ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗದ ಶ್ವಾಸಕೋಶದ ರೋಗ. ಅದಕ್ಕೆ ಇರುವ ಮದ್ದು ಒಂದೇ: ಧೂಳು ಉಸಿರಿಗೆ ಸೇರದಂತೆ ತಡೆಯುವುದು. ಮೂಗಿಗೆ ಕಟ್ಟಿಕೊಂಡ ವಸ್ತ್ರವು ಕಣ್ಣಿಗೆ ಕಾಣುವ ಧೂಳನ್ನು ತಡೆದೀತೇ ಹೊರತು, ಶ್ವಾಸಕೋಶದ ಆಳಕ್ಕಿಳಿಯುವ ನಯವಾದ ಧೂಳನ್ನು ತಡೆಯದು. ನೀರು ಸಿಂಪಡಣೆ, ಯಂತ್ರಕ್ಕೆ ಹೊದಿಕೆ, ಧೂಳು ಹೀರುವ ವ್ಯವಸ್ಥೆ ಮೊದಲು, ಮುಖಗವಸು ಕೊನೆಗೆ. ನಮ್ಮ ಭಾಗದ ಬೇಸಿಗೆಯಲ್ಲಿ ನೆರಳು, ಕುಡಿಯುವ ನೀರು, ಮಧ್ಯಾಹ್ನದ ವಿರಾಮ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇವು ಸಹ ತಪಾಸಣೆಯ ವಿಷಯಗಳೇ.

ಸುರಕ್ಷತೆ: ತಿರುಗುವ ಭಾಗಗಳಿಗೆ ಗಾರ್ಡ್, ವಿದ್ಯುತ್ತಿಗೆ ಅರ್ಥಿಂಗ್, ಎತ್ತುವ ಸರಪಳಿ ಮತ್ತು ಸ್ಲಿಂಗ್‌ಗಳ ಪರೀಕ್ಷೆ, ಎತ್ತರದ ಕೆಲಸಕ್ಕೆ ಬೆಲ್ಟು, ಇವು ಸಾಮಾನ್ಯವಾಗಿ ತಿಳಿದಿರುವ ಅಂಶಗಳು. ಕಡಿಮೆ ತಿಳಿದಿರುವುದು ಮುಚ್ಚಿದ ಸ್ಥಳದ ಅಪಾಯ. ತ್ಯಾಜ್ಯ ನೀರಿನ ತೊಟ್ಟಿ, ಅಕ್ಕಿ ಗಿರಣಿಯ ಎಲಿವೇಟರ್ ಗುಂಡಿ, ಧಾನ್ಯದ ಬಿನ್ ಇವುಗಳೊಳಗೆ ಆಮ್ಲಜನಕ ಕಡಿಮೆಯಾಗಿರಬಹುದು ಅಥವಾ ವಿಷಾನಿಲ ತುಂಬಿರಬಹುದು. ಇಂತಹ ಕಡೆ ಮೊದಲು ಇಳಿದವನನ್ನು ರಕ್ಷಿಸಲು ಇಳಿದ ಎರಡನೆಯವನೂ ಮೂರನೆಯವನೂ ಬಲಿಯಾಗುವುದುಂಟು. ಗಾಳಿಯನ್ನು ಪರೀಕ್ಷಿಸದೆ, ಹಗ್ಗವಿಲ್ಲದೆ, ಮೇಲೊಬ್ಬರು ನಿಲ್ಲದೆ ಯಾರೂ ಇಳಿಯಬಾರದು ಎಂಬ ಲಿಖಿತ ಪರವಾನಗಿ ಪದ್ಧತಿಗೆ ಬೇಕಾಗುವುದು ಒಂದು ಹಾಳೆ ಮಾತ್ರ. ಭತ್ತ ಬೇಯಿಸುವ ಕಂಪ್ಲಿ ಭಾಗದ ಗಿರಣಿಗಳವರು ಬಾಯ್ಲರಿನ ಪ್ರಮಾಣಪತ್ರದ ಅವಧಿಯನ್ನೂ, ಸುರಕ್ಷತಾ ವಾಲ್ವನ್ನು ಯಾರೂ ಬಿಗಿದು ಕಟ್ಟಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. 1923ರ ಬಾಯ್ಲರ್ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಬಾಯ್ಲರ್ ಅಧಿನಿಯಮ ಬಂದಿರುವುದು ಸದಸ್ಯರ ಗಮನದಲ್ಲಿರಲಿ.

ಪರಿಸರ: ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನು ಪಡೆದವರಲ್ಲಿ ಅದರ ಷರತ್ತುಗಳನ್ನು ಓದಿದವರು ವಿರಳ. ಸಮ್ಮತಿ ಪತ್ರದಲ್ಲಿ ದಿನವಹಿ ಉತ್ಪಾದನೆಯ ಮಿತಿ ಇರುತ್ತದೆ. ಜಿಎಸ್‌ಟಿ ವಿವರಣೆಯಲ್ಲಿ ಮಾರಾಟ ಇರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟುಗಳಿರುತ್ತವೆ. ಈ ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದು ನೋಡಿ. ಮಿತಿ 50 ಟನ್ ಇದ್ದು ಮಾರಾಟ 80 ಟನ್ನಿನ ಕಥೆ ಹೇಳುತ್ತಿದ್ದರೆ, ಆ ಹಾಳೆಯನ್ನು ನಾಳೆ ಬೇರೊಬ್ಬರು ಬರೆಯಬಹುದು. ಧೂಳು ಹಿಡಿಯುವ ಯಂತ್ರಕ್ಕೂ ತ್ಯಾಜ್ಯ ನೀರಿನ ಘಟಕಕ್ಕೂ ಪ್ರತ್ಯೇಕ ಮೀಟರ್ ಇದ್ದಲ್ಲಿ ಇನ್ನೂ ಸುಲಭ: ಉತ್ಪಾದನೆ ನಡೆದ ದಿನ ಆ ಮೀಟರ್ ಓಡದಿದ್ದರೆ ಯಾವ ರಿಜಿಸ್ಟರಿನ ಸಹಿಯೂ ಉಪಯೋಗಕ್ಕೆ ಬಾರದು.

ಪರಿಸರ ಸಂರಕ್ಷಣಾ ನಿಯಮಗಳಡಿ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ನಮೂನೆ 5ರಲ್ಲಿ ಪರಿಸರ ವಿವರಣಾ ಪತ್ರವನ್ನು ಮಂಡಳಿಗೆ ಸಲ್ಲಿಸುವ ನಿಯಮವಿದೆ. 1992ರಲ್ಲಿ ಇದು ಆರಂಭವಾದಾಗ ಇದರ ಹೆಸರೇ ಪರಿಸರ ತಪಾಸಣಾ ವರದಿ ಎಂದಿತ್ತು. 1993ರಲ್ಲಿ ಹೆಸರು ಬದಲಾಯಿತು. ಒಂದು ಯೂನಿಟ್ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾ ಮಾಲು ಬಳಕೆಯಾಯಿತು ಎಂದು ಅದು ಕೇಳುತ್ತದೆ. ಹಿಂದಿನ ವರ್ಷದ ಪ್ರತಿಯನ್ನೇ ದಿನಾಂಕ ತಿದ್ದಿ ಕಳುಹಿಸುವ ಬದಲು ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿದಲ್ಲಿ ಸೋರಿಕೆ ಎಲ್ಲಿದೆ ಎಂಬುದು ಮೊದಲು ತಿಳಿಯುವುದು ಮಾಲೀಕರಿಗೇ.

ಒಂದು ದಿನದ ಕ್ರಮ

ಸಣ್ಣ ಘಟಕವೊಂದು ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಒಮ್ಮೆ ಮತ್ತು ಹಂಗಾಮಿಗೆ ಮೊದಲು ಒಮ್ಮೆ, ಈ ಕೆಳಗಿನಂತೆ ಒಂದು ದಿನವನ್ನು ಮೀಸಲಿಡಬಹುದು.

1. ತಪಾಸಕರ ಆಯ್ಕೆ: ಆ ವಿಭಾಗದವರು ಆ ವಿಭಾಗವನ್ನು ತಪಾಸಣೆ ಮಾಡಬಾರದು. ಇಬ್ಬರು ಸದಸ್ಯರು ಪರಸ್ಪರರ ಘಟಕವನ್ನು ನೋಡುವ ಏರ್ಪಾಡು ಮಾಡಿಕೊಳ್ಳಬಹುದು. ಅಕ್ಕಿ ಗಿರಣಿಯವರು ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋದರೆ, ಅಲ್ಲಿನವರ ಕಣ್ಣಿಗೆ ಒಗ್ಗಿಹೋದ ದೋಷ ಇವರ ಕಣ್ಣಿಗೆ ಬೀಳುತ್ತದೆ. ಬಾಯ್ಲರ್, ವಿದ್ಯುತ್, ಕ್ರೇನು ಮುಂತಾದ ತಾಂತ್ರಿಕ ವಿಷಯಗಳಿಗೆ ಅರ್ಹ ಇಂಜಿನಿಯರನ್ನೇ ಕರೆಯಬೇಕು.

2. ಬೆಳಿಗ್ಗೆ, ಕಾಗದಗಳು: ಪರವಾನಗಿ, ಸಮ್ಮತಿ ಪತ್ರ, ವಿಮೆ, ಪರೀಕ್ಷಾ ಪ್ರಮಾಣಪತ್ರಗಳ ಅವಧಿಯ ಪಟ್ಟಿ ಮಾಡಬೇಕು. ಕಳೆದ ತಪಾಸಣೆಯ ಬಾಕಿ ಅಂಶಗಳನ್ನು ಮೊದಲಿಗೇ ತೆಗೆದುಕೊಳ್ಳಬೇಕು.

3. ಮಧ್ಯಾಹ್ನ, ಅಂಗಳ: ಮಾಲು ಒಳಬರುವ ಗೇಟಿನಿಂದ ಹೊರಹೋಗುವ ಗೇಟಿನವರೆಗೆ ಮಾಲಿನ ಜೊತೆಯಲ್ಲಿಯೇ ನಡೆಯಬೇಕು. ಕಟ್ಟಡದ ಹಿಂಭಾಗವನ್ನು ತಪ್ಪದೆ ನೋಡಬೇಕು. ಮುಂಭಾಗವನ್ನು ಅತಿಥಿಗಳಿಗಾಗಿ ಗುಡಿಸಿರುತ್ತಾರೆ.

4. ಮಾತುಕತೆ: ಮಾಲೀಕರೂ ಮೇಸ್ತ್ರಿಯೂ ಇಲ್ಲದಾಗ ಕಾರ್ಮಿಕರೊಡನೆ ಮಾತನಾಡಬೇಕು. "ಸುರಕ್ಷತೆ ಇದೆಯೇನಪ್ಪಾ?" ಎಂದರೆ "ಐತಿ ಸಾರ್" ಎಂಬ ಉತ್ತರವೇ ಬರುತ್ತದೆ. "ಬೆಲ್ಟು ಜಾರಿದರೆ ಏನು ಮಾಡ್ತೀರಿ?" ಎಂದು ಕೇಳಬೇಕು. "ಕೋಲು ಕೊಟ್ಟು ಕೂಡಿಸ್ತೀವಿ" ಎಂಬ ಉತ್ತರ ಬಂದರೆ ಯಂತ್ರ ನಿಲ್ಲಿಸದೆಯೇ ಕೆಲಸ ನಡೆಯುತ್ತಿದೆ ಎಂದು ತಿಳಿಯಿತು. ಗುತ್ತಿಗೆ ಕಾರ್ಮಿಕರನ್ನೂ ಹಮಾಲರನ್ನೂ ಬಿಡಬಾರದು. ಅಪಾಯದ ಕೆಲಸ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ.

5. ಸ್ವಲ್ಪದರಲ್ಲಿ ತಪ್ಪಿದ ಅವಘಡಗಳು: ಜಾರಿಬಿದ್ದ ಚೀಲದ ಒಟ್ಟಿಲು, ಕೈಗೆ ತಗುಲಿದ ಸಣ್ಣ ಶಾಕ್ ಇವುಗಳನ್ನು ಬರೆದಿಡುವ ಒಂದು ನೋಟುಪುಸ್ತಕವಿರಲಿ. ಬರೆದವರಿಗೆ ಬೈಗುಳ ಸಿಕ್ಕರೆ ಆ ಪುಸ್ತಕ ಖಾಲಿಯಾಗಿಯೇ ಉಳಿಯುತ್ತದೆ.

6. ಸಂಜೆ, ಬರಹ: ಪ್ರತಿಯೊಂದು ದೋಷವನ್ನೂ ಮೂರು ಸಾಲಿನಲ್ಲಿ ಬರೆಯಬೇಕು: ಇರಬೇಕಾದುದು ಏನು, ಕಂಡದ್ದು ಏನು, ಪುರಾವೆ ಏನು. "ಸ್ವಚ್ಛತೆ ತೃಪ್ತಿಕರವಾಗಿಲ್ಲ" ಎಂಬ ವಾಕ್ಯದಿಂದ ಯಾರಿಗೂ ಪ್ರಯೋಜನವಿಲ್ಲ. "2ನೇ ಎಲಿವೇಟರಿನ ಬೆಲ್ಟಿಗೆ ಗಾರ್ಡ್ ಇಲ್ಲ, ಬೆಳಿಗ್ಗೆ 11ಕ್ಕೆ ಯಂತ್ರ ಓಡುತ್ತಿತ್ತು" ಎಂದರೆ ನಾಳೆ ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿಯುತ್ತದೆ. ಜೀವಕ್ಕೆ ಅಪಾಯವಿರುವ ದೋಷ ಕಂಡರೆ ಸಂಜೆಯವರೆಗೆ ಕಾಯದೆ ಆ ಕೆಲಸವನ್ನು ಅಲ್ಲಿಯೇ ನಿಲ್ಲಿಸಬೇಕು.

ವರದಿಯಿಂದ ತಪಾಸಣೆ ಮುಗಿಯುವುದಿಲ್ಲ

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ತಪಾಸಣೆಯೇ ನಡೆದಿರಲಿಲ್ಲವೆಂದು ಹಲವರು ಭಾವಿಸಿದ್ದಾರೆ. 1982ರಲ್ಲಿಯೇ ಮಾತೃಸಂಸ್ಥೆಯ ಅಮೆರಿಕದ ತಂಡವೊಂದು ಅಲ್ಲಿಗೆ ಬಂದು ಸುರಕ್ಷತಾ ತಪಾಸಣೆ ನಡೆಸಿ, ಗಂಭೀರ ದೋಷಗಳನ್ನು ವರದಿ ಮಾಡಿತ್ತು. ಆದರೂ 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ವಿಷಾನಿಲ ಹೊರಬಿದ್ದಾಗ, ಅನಿಲದ ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ನಿಲ್ಲಿಸಲಾಗಿತ್ತು. ಹೊರಬರುವ ಅನಿಲವನ್ನು ಸುಡುವ ಗೋಪುರದ ಕೊಳವೆಯನ್ನು ದುರಸ್ತಿಗಾಗಿ ಕಳಚಲಾಗಿತ್ತು. ವರದಿ ಕಡತದಲ್ಲಿತ್ತು, ರಕ್ಷಣೆ ಅಂಗಳದಲ್ಲಿರಲಿಲ್ಲ. ಸಾವಿರಾರು ಜನ ಪ್ರಾಣ ತೆತ್ತರು. ಆ ದುರಂತದ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಲಾಯಿತು.

ಆದುದರಿಂದ ಪ್ರತಿ ದೋಷದ ಎದುರು ಯಾರು ಸರಿಪಡಿಸಬೇಕು, ಯಾವ ದಿನಾಂಕದೊಳಗೆ, ಸರಿಯಾದುದನ್ನು ನೋಡಿ ಸಹಿ ಮಾಡುವವರು ಯಾರು ಎಂಬ ಮೂರು ಅಂಕಣಗಳಿರತಕ್ಕದ್ದು. ಸರಿಪಡಿಸಿದವರೇ ಮುಕ್ತಾಯದ ಸಹಿ ಮಾಡಬಾರದು. ಕಳಚಿದ ಗಾರ್ಡನ್ನು ಪುನಃ ಹಾಕುವುದು ತಿದ್ದುಪಡಿ ಮಾತ್ರ. ಸ್ವಚ್ಛ ಮಾಡಲು ಪ್ರತಿ ಬಾರಿಯೂ ನಾಲ್ಕು ಬೋಲ್ಟು ಬಿಚ್ಚಬೇಕಾಗಿರುವುದರಿಂದಲೇ ಅದನ್ನು ಕಳಚಿಟ್ಟಿದ್ದರು ಎಂದು ಕಂಡುಕೊಂಡು, ಅದಕ್ಕೆ ತಿರುಗಣಿ ಹಾಕಿಸಿ, ಅದು ತೆರೆದಾಗ ಯಂತ್ರ ತಾನಾಗಿ ನಿಲ್ಲುವಂತೆ ಮಾಡುವುದು ಪರಿಹಾರ.

ನಮ್ಮ ಮನೆಬಾಗಿಲಿನ ಉದಾಹರಣೆಯನ್ನೂ ನೆನೆಯಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನಮ್ಮ ಭಾಗದ ಫ್ಯಾಬ್ರಿಕೇಷನ್ ಘಟಕಗಳ ನೆರವಿನಿಂದ, ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಫಲಕಗಳನ್ನು ಇಳಿಸಿ ನೀರನ್ನು ತಡೆದದ್ದು ಹೆಮ್ಮೆಯ ಸಂಗತಿ. ಅಷ್ಟರಲ್ಲಿ ಹರಿದುಹೋದ ನೀರು ಮಾತ್ರ ಹರಿದೇಹೋಯಿತು. ಪ್ರತಿ ಉದ್ಯಮಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಘಟಕದಲ್ಲಿ ಅಂತಹ ಸರಪಳಿ ಯಾವುದು? ಯಾವ ಒಂದು ಕೊಂಡಿ ಕಳಚಿದರೆ ಎಲ್ಲವೂ ನಿಲ್ಲುತ್ತದೆ? ಅದನ್ನು ಕೊನೆಯ ಬಾರಿ ಕೈಯಿಂದ ಮುಟ್ಟಿ ನೋಡಿದವರು ಯಾರು, ಯಾವಾಗ? ಬದಲಿ ಎಲ್ಲಿದೆ?

ಖರ್ಚು ಮತ್ತು ಕಾಯಿದೆ

ಇಎಸ್‌ಐ ವ್ಯಾಪ್ತಿಗೆ ಬಾರದ ಕಾರ್ಮಿಕರು ಕೆಲಸದಲ್ಲಿ ಮೃತಪಟ್ಟಲ್ಲಿ ಮಾಸಿಕ ವೇತನದ ಶೇ. 50ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಿ ಪರಿಹಾರ ನಿರ್ಧರಿಸುವ ಸೂತ್ರವು 1923ರ ಕಾಯಿದೆಯಲ್ಲಿತ್ತು. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯನ್ನು 2020ರಲ್ಲಿ 15,000 ರೂ.ಗೆ ಏರಿಸಲಾಯಿತು. 30 ವರ್ಷ ವಯಸ್ಸಿಗೆ ಗುಣಾಂಕ 207.98. ಅಂದರೆ 7,500 ರೂ.ಗಳನ್ನು 207.98ರಿಂದ ಗುಣಿಸಿದರೆ 15,59,850 ರೂ. ಇದರ ಮೇಲೆ ಉತ್ಪಾದನೆಯ ನಷ್ಟ, ವಕೀಲರ ಶುಲ್ಕ, ಕೆಲಸ ಬಿಟ್ಟುಹೋಗುವ ಉಳಿದವರು ಪ್ರತ್ಯೇಕ. ಒಂದು ಗಾರ್ಡಿಗೆ ಬೀಳುವ ಖರ್ಚನ್ನು ಇದರ ಎದುರು ಇಟ್ಟು ನೋಡಿದರೆ ಹೆಚ್ಚು ಹೇಳಬೇಕಾಗಿಲ್ಲ. ಮೃತರ ಮನೆಯವರ ನಷ್ಟಕ್ಕೆ ಯಾವ ಗುಣಾಂಕವೂ ಇಲ್ಲ.

ಕಾಯಿದೆಯ ಚೌಕಟ್ಟೂ ಬದಲಾಗಿದೆ. 1948ರ ಕಾರ್ಖಾನೆಗಳ ಕಾಯಿದೆಯ ಸ್ಥಾನಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬುದನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಯಿತು. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹಿಂದಿನ ಕಾಯಿದೆಯಲ್ಲಿ 10 ಕಾರ್ಮಿಕರು ಸಾಕಿತ್ತು. ಸಂಹಿತೆಯಲ್ಲಿ ಅದು 20. ವಿದ್ಯುತ್ ಬಳಸದ ಘಟಕಕ್ಕೆ 20 ಇದ್ದುದು 40 ಆಗಿದೆ. ಇದನ್ನು ಕೇಳಿ ಸಣ್ಣ ಘಟಕಗಳು ನಿಶ್ಚಿಂತರಾಗಬಾರದು. 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ಸಂಹಿತೆಯ ವ್ಯಾಪ್ತಿಯಲ್ಲಿಯೇ ಇದ್ದು, ಅಪಾಯರಹಿತ ಕೆಲಸದ ಸ್ಥಳ, ನೇಮಕಾತಿ ಪತ್ರ, ನಿಗದಿತ ವರ್ಗದವರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಮುಂತಾದ ಹೊಣೆಗಳು ಮಾಲೀಕರ ಮೇಲಿವೆ. ಪರಿಸರದ ಕಡೆಯಿಂದ, ಕೇಂದ್ರವು 2025ರ ಆಗಸ್ಟ್ 29ರಂದು ಪ್ರಕಟಿಸಿದ ಪರಿಸರ ತಪಾಸಣಾ ನಿಯಮಗಳು, ನೋಂದಾಯಿತ ಖಾಸಗಿ ಪರಿಸರ ತಪಾಸಕರ ವ್ಯವಸ್ಥೆಗೆ ದಾರಿ ಮಾಡಿವೆ. ಹೊರಗಿನ ಕಣ್ಣುಗಳು ಹೆಚ್ಚುತ್ತಲೇ ಹೋಗುವ ಕಾಲವಿದು.

ಕೊನೆಯದಾಗಿ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ ಮತ್ತು ಹಂಪಿ ಒಂದು ಜಿಲ್ಲೆಯಲ್ಲಿಯೂ, ಸಂಡೂರು, ಕಂಪ್ಲಿ ಮತ್ತು ದರೋಜಿ ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಕಡತಗಳು ಹೋಗುವ ಕಚೇರಿಗಳು ಬೇರೆಯಾದವು; ಗಾಳಿ, ನೀರು ಮತ್ತು ಧೂಳಿನ ದಾರಿ ಬದಲಾಗಲಿಲ್ಲ. ಗುಡ್ಡದಲ್ಲಿ ಸಡಿಲವಾದ ಮಣ್ಣು ಕೆರೆಗೇ ಬರುತ್ತದೆ. 1994ರಲ್ಲಿ ಕರಡಿಗಳಿಗೆಂದು ಮೀಸಲಿಟ್ಟ ದರೋಜಿಯ ಕುರುಚಲು ಗುಡ್ಡಗಳಿಗೂ, ಹಂಪಿಯ ಕಲ್ಲುಗಳಿಗೂ, ನಮ್ಮ ಮಕ್ಕಳ ಶ್ವಾಸಕೋಶಕ್ಕೂ ಅದೇ ಗಾಳಿ.

ಮುಂದಿನ ಮಾರ್ಚ್ 31ರಂದು ದಾಸ್ತಾನು ಎಣಿಸಲು ತಮ್ಮ ಘಟಕಕ್ಕೆ ಲೆಕ್ಕಪರಿಶೋಧಕರು ಬಂದೇ ಬರುತ್ತಾರೆ. ಅವರು ಬರುವ ಒಂದು ವಾರ ಮೊದಲು ಸದಸ್ಯ ಬಂಧುಗಳು ಕೈಯಲ್ಲಿ ಒಂದು ಹಾಳೆ ಹಿಡಿದು, ಮೇಸ್ತ್ರಿಯನ್ನು ಜೊತೆಗೆ ಕರೆಯದೆ, ತಮ್ಮದೇ ಘಟಕದ ಹಿಂಬಾಗಿಲಿನಿಂದ ಒಳಗೆ ನಡೆದು ನೋಡಬೇಕೆಂದು ನನ್ನ ವಿನಂತಿ. ಗೋಡೆಗೆ ಒರಗಿಸಿದ ಜಾಳಿಗೆ ಕಂಡರೆ ಎಣಿಸಿ ಮುಂದೆ ಹೋಗಬೇಡಿ. ಯಂತ್ರ ನಿಲ್ಲಿಸಿ, ಅದನ್ನು ಅದರ ಸ್ಥಳದಲ್ಲಿ ಹಾಕಿಸಿದ ಮೇಲೆ ಮುಂದಿನ ಸಾಲನ್ನು ಬರೆಯಿರಿ.